ಟ್ಯಾಪೆಟ್ ರಾಯರು

ಮೈಸೂರಿನ ಯಾವ ಬಡಾವಣೆಗೆ ಹೋದರೂ ಒಬ್ಬ ಟ್ಯಾಪೆಟ್ ರಾಯರು ಸಿಗುತ್ತಾರೆ. ಬ್ಯಾಂಕಿನಿಂದಲೋ ವಿಮಾ ಕಚೇರಿಯಿಂದಲೋ ನಿವೃತ್ತರು. ಅಕ್ಕಪಕ್ಕದವರ ಬೈಕುಗಳಿಂದ ಮಾತ್ರ ಇನ್ನೂ ನಿವೃತ್ತರಾಗಿಲ್ಲ. ಬೀದಿಯಲ್ಲಿ ಬುಲೆಟ್ಟೊಂದು ಹಾದುಹೋದರೆ ನಮ್ಮ ರಾಯರು ಕಾಫಿ ಲೋಟ ಕೆಳಗಿಟ್ಟು, ಕಣ್ಣು ಮುಚ್ಚಿ, "ಎಕ್ಸಾಸ್ಟ್ ಟ್ಯಾಪೆಟ್ ಲೂಸು" ಎಂದು ತೀರ್ಪು ಕೊಡುತ್ತಾರೆ. ಅಷ್ಟರಲ್ಲಿ ಸವಾರ ಸರ್ಕಲ್ ದಾಟಿರುತ್ತಾನೆ. ಪಾಪ, ಅವನಿಗೆ ತಿಳಿಸುವವರು ಯಾರು ಎಂದು ರಾಯರಿಗೆ ಮಧ್ಯಾಹ್ನದವರೆಗೂ ಕೊರಗು.

ಅವರದು ಎರಕದ ಕಬ್ಬಿಣದ ಎಂಜಿನ್ನಿನ ಹಳೇ 350 ಬುಲೆಟ್. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಭಾನುವಾರ ಟ್ಯಾಪೆಟ್ ನೋಡಬೇಕೆಂದರೆ ಶನಿವಾರ ರಾತ್ರಿಯಿಂದಲೇ ಅದನ್ನು ಯಾರೂ ಮುಟ್ಟಕೂಡದು, ಎಂಜಿನ್ ತಣ್ಣಗಿರಬೇಕು. ಬೆಳಿಗ್ಗೆ ಬಲಗಡೆಯ ಮುಚ್ಚಳ ಬಿಚ್ಚಿ, ಎರಡೂ ವಾಲ್ವ್ ಮುಚ್ಚಿರುವಂತೆ ಪಿಸ್ಟನ್ನನ್ನು ಮೇಲಕ್ಕೆ ತಂದು ನಿಲ್ಲಿಸುತ್ತಾರೆ. ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲ್ಲಾಡಬಾರದು. ಅದರ ಬುಡದಲ್ಲಿ ಒಂದರ ಮೇಲೊಂದು ಕೂತ ನಟ್ಟುಗಳಿಗೆ ಮೂರು ಸ್ಪ್ಯಾನರ್ ಒಟ್ಟಿಗೇ ಹಿಡಿಯಬೇಕು. ರಾಯರಿಗಿರುವುದು ಎರಡು ಕೈ. ಮೂರನೆಯದು ನಾನು.

"ಕಾದರೆ ಲೋಹ ಹಿಗ್ಗುತ್ತೆ ಕಣಯ್ಯಾ. ಟೈಟಾಗಿ ಕಟ್ಟಿದೆಯೋ, ವಾಲ್ವ್ ಪೂರ್ತಿ ಕೂರಲ್ಲ. ಕಂಪ್ರೆಷನ್ ಸೋರುತ್ತೆ, ಕೊನೆಗೆ ಎಕ್ಸಾಸ್ಟ್ ವಾಲ್ವ್ ಸುಟ್ಟೇ ಹೋಗುತ್ತೆ. ಲೂಸು ಬಿಟ್ಟೆಯೋ, ಟಕಟಕ ಅಂತ ಊರಿಗೆಲ್ಲ ಸಾರುತ್ತೆ. ಸಂಸಾರ ನಡೆಸೋದೂ ಹೀಗೇ."

"ಸಂಸಾರ ನಾನು ನಡೆಸ್ತೀನಿ," ಎಂದು ಒಳಗಿನಿಂದ ಉತ್ತರ ಬರುತ್ತದೆ. "ನೀವು ಮೊದಲು ಆ ಮುಚ್ಚಳ ಹಾಕಿ. ಎಣ್ಣೆ ರಂಗೋಲಿವರೆಗೂ ಬಂದಿದೆ."

ರಾಯರಿಗೆ ನಿಜವಾದ ಆಪತ್ತು ಬಂದದ್ದು 2009ರಲ್ಲಿ, ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಆದ ಕ್ಲಾಸಿಕ್ ರಸ್ತೆಗಿಳಿದಾಗ. ಅದರಲ್ಲೂ ಪುಶ್‌ರಾಡ್ ಉಂಟು. ಟ್ಯಾಪೆಟ್ ಮಾತ್ರ ಹೈಡ್ರಾಲಿಕ್, ತುದಿಯಲ್ಲಿ ರೋಲರ್ ಬೇರೆ. ರೋಲರ್ ಕ್ಯಾಮ್ ಮೇಲೆ ಉಜ್ಜದೆ ಉರುಳುತ್ತದೆ. ಟ್ಯಾಪೆಟ್ಟಿನೊಳಗೆ ಎಂಜಿನ್ ಎಣ್ಣೆ ತುಂಬಿಕೊಂಡು ಸಂದನ್ನು ತಾನೇ ಮುಚ್ಚಿಬಿಡುತ್ತದೆ. ಪಕ್ಕದ ಮನೆ ಹುಡುಗ ಅಂಥದೊಂದನ್ನು ತಂದು ನಿಲ್ಲಿಸಿದ ದಿನ ರಾಯರು ಸ್ಪ್ಯಾನರ್ ಚೀಲ ಹಿಡಿದು ಅದರ ಸುತ್ತ ಪ್ರದಕ್ಷಿಣೆ ಹಾಕಿದರು.

"ಎಲ್ಲಪ್ಪಾ ಅಡ್ಜಸ್ಟ್ ಮಾಡೋದು?"

"ಮಾಡೋ ಹಾಗೇ ಇಲ್ಲ ಅಂಕಲ್. ಅದೇ ಮಾಡ್ಕೊಳ್ಳುತ್ತೆ."

"ಅದೇ ಮಾಡ್ಕೊಂಡ್ರೆ ನಾವು ಯಾತಕ್ಕೆ?"

ಅಂದಿನಿಂದ ರಾಯರು ತಮ್ಮ ಹಳೇ ಬುಲೆಟ್ಟಿನ ಸಾಲಿಡ್ ಟ್ಯಾಪೆಟ್ ಪಕ್ಷದ ವಕೀಲರು. "ರೇಸಿನವರನ್ನ ಕೇಳು. ಎಂಜಿನ್ ವಿಪರೀತ ಜೋರಾಗಿ ತಿರುಗಿದಾಗ ನಿನ್ನ ಹೈಡ್ರಾಲಿಕ್ಕು ಎಣ್ಣೆ ಕುಡಿದು ಉಬ್ಬಿಕೊಂಡು ವಾಲ್ವನ್ನ ಮುಚ್ಚಕ್ಕೇ ಬಿಡಲ್ಲ!" ಮಾತು ನಿಜವೇ. ಆದರೆ ರಾಯರ ಗಾಡಿಯ ಮುಳ್ಳು 40 ದಾಟಿದ್ದನ್ನು ಕಂಡವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ.

ಹುಡುಗ ಕೆಲಸದ ಮೇಲೆ ಪರಊರಿಗೆ ಹೋಗಿ, ಬಹಳ ದಿನ ಬಿಟ್ಟು ಬಂದು ಬೈಕ್ ಸ್ಟಾರ್ಟ್ ಮಾಡಿದ. ನಿಂತೇ ಇದ್ದ ಗಾಡಿಯ ಟ್ಯಾಪೆಟ್ಟಿನಿಂದ ಎಣ್ಣೆ ಇಳಿದುಹೋಗಿತ್ತು. ಟಿಕ್ ಟಿಕ್ ಟಿಕ್! ರಾಯರು ಬನಿಯನ್ನಿನಲ್ಲೇ ಓಡಿ ಬಂದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ. ಮುಖದಲ್ಲಿ ಎಷ್ಟೋ ವರ್ಷಗಳಿಂದ ಕಾಣದಿದ್ದ ಕಳೆ. "ಚೀಲ ತಗೊಂಡು ಬಾರಯ್ಯಾ," ಎಂದು ನನ್ನತ್ತ ಕೂಗುವಷ್ಟರಲ್ಲಿ ಎಣ್ಣೆ ಮೇಲೇರಿ ಸದ್ದು ಅಡಗಿತು.

ರಾಯರು ಸ್ಕ್ರೂಡ್ರೈವರನ್ನೊಮ್ಮೆ, ಹುಡುಗನನ್ನೊಮ್ಮೆ ನೋಡಿದರು.

"ನೋಡಿದ್ಯಾ? ಮುಟ್ಟಿದ ಕೂಡಲೇ ಸರಿಹೋಯ್ತು. ಇನ್ಮೇಲೆ ವಾರಕ್ಕೊಂದು ಸಲ ತಂದು ತೋರಿಸ್ತಿರು."