ಹಿತ್ತಲ ಬಳ್ಳಿಯ ದರ್ಬಾರು

ಅಮೆರಿಕ ಸೇರಿದ ಕನ್ನಡಿಗ ಗಂಡಸಿಗೆ ನಲವತ್ತು ದಾಟಿದ ಮೇಲೆ ಎರಡರಲ್ಲಿ ಒಂದು ರೋಗ ಗ್ಯಾರಂಟಿ: ಮ್ಯಾರಥಾನ್, ಇಲ್ಲವೇ ಹಿತ್ತಲು. ಮೊದಲನೆಯದಕ್ಕೆ ನನ್ನ ಮಂಡಿ ಒಪ್ಪಲಿಲ್ಲ.

ಬಾಸ್ಟನ್ ಪಕ್ಕದ ನಮ್ಮ ಬೀದಿಯಲ್ಲಿ ಎಲ್ಲರೂ ಟೊಮೇಟೊ ಬೆಳೆಯುತ್ತಾರೆ. ನಾನೂ ಅದನ್ನೇ ಬೆಳೆದರೆ ನನ್ನ ಹೆಚ್ಚುಗಾರಿಕೆ ಏನು ಬಂತು? ಏಪಿಯೋಸ್ ಗೆಡ್ಡೆ ತರಿಸಿದೆ. ಈ ನೆಲದ್ದೇ ಬಳ್ಳಿ, ಅವರೆ-ಹುರುಳಿಯ ಕುಲ. ಹೆಂಡತಿಗೆ ಉಪನ್ಯಾಸ ಶುರು ಮಾಡಿದೆ. 1620ರಲ್ಲಿ ಪ್ಲಿಮತ್‌ನಲ್ಲಿ ಇಳಿದ ವಲಸಿಗರು ಬರಗಾಲದಲ್ಲಿ ಇದನ್ನು ಅಗೆದು ತಿಂದರು. ಲೇಖಕ ಥೋರೋಗೆ ಎರೆಹುಳು ಹುಡುಕುತ್ತ ಅಗೆದಾಗ ಇದು ಸಿಕ್ಕಿತಂತೆ, 1854ರ ‘ವಾಲ್ಡನ್’ ಪುಸ್ತಕದಲ್ಲಿ ಬರೆದಿದ್ದಾನೆ.

"ಪಾಪ, ಅವರಿಗೆ ಇಂಡಿಯನ್ ಸ್ಟೋರ್ ಇರಲಿಲ್ಲ" ಎಂದಳು.

ಅಕ್ಟೋಬರಿನ ಇಬ್ಬನಿ ಹೆಪ್ಪುಗಟ್ಟಿದ್ದೇ ತಡ, ಬಳ್ಳಿ ಕರಕಲಾಯಿತು. ಚಳಿಗಾಲವೆಲ್ಲ ಹಿಮ. ಏಪ್ರಿಲ್ ಕಳೆದರೂ ಸುಳಿವಿಲ್ಲ. ಸತ್ತಿತೆಂದು ಅದೇ ಜಾಗದಲ್ಲಿ ಮೆಣಸಿನ ಸಸಿ ನೆಟ್ಟೆ. ಈ ಬಳ್ಳಿ ಏಳುವುದೇ ತಡ, ನಮ್ಮ ಮಗನ ಹಾಗೆ. ಮೇ ಮುಗಿಯುವ ಹೊತ್ತಿಗೆ ಎದ್ದು ಮೆಣಸಿನ ಕತ್ತು ಹಿಸುಕಿತು. ನಾನು ಯೂಟ್ಯೂಬ್ ನೋಡಿ ಕಟ್ಟಿದ ಬಿದಿರಿನ ಚಪ್ಪರವನ್ನು ಮೂಸಿಯೂ ನೋಡದೆ ಹೆಂಡತಿಯ ಗುಲಾಬಿ ಹತ್ತಿತು. ಅಲ್ಲಿಂದ ಬಟ್ಟೆ ಒಣಹಾಕುವ ತಂತಿ, ಅಲ್ಲಿಂದ ಪಕ್ಕದವರ ಬೇಲಿ. ಆಗಸ್ಟಿನಲ್ಲಿ ಕಂದುಗೆಂಪು ಹೂ ಬಿಟ್ಟು ಘಮ್ಮೆಂದಾಗ ಪಕ್ಕದಾಕೆ ಬೇಲಿಯಾಚೆಯಿಂದ ಕೊಂಡಾಡಿದರು. ಎದೆಯುಬ್ಬಿಸಿ ನಿಂತೆ. "ಗುಲಾಬಿ ಸತ್ತಿದೆ" ಎಂಬ ವರದಿ ಹಿಂದಿನಿಂದ ಬಂತು.

ಎರಡು ವರ್ಷ ಬಿಟ್ಟರೆ ಗೆಡ್ಡೆ ದಪ್ಪವಾಗುತ್ತದೆ ಎನ್ನುತ್ತಾರೆ. ಕಾದು ಅಗೆದೆ. ಬೇರಿಗೆ ಪೋಣಿಸಿಕೊಂಡು ಬಂದವು, ದೊಡ್ಡವು ಕೋಳಿಮೊಟ್ಟೆಯಷ್ಟು, ಮಿಕ್ಕವು ಅಡಿಕೆಯಷ್ಟು. ಎಳೆದರೆ ದಾರ ಹರಿಯುತ್ತದೆ. ಮಣ್ಣಿನಲ್ಲಿ ಉಳಿದ ಪ್ರತಿ ಗುಂಡೂ ಮುಂದಿನ ವರ್ಷ ಹೊಸ ಬಳ್ಳಿ. ಸಿಪ್ಪೆ ತೆಗೆಯಲು ಕೂತರೆ ಅಂಟುಹಾಲು. ಬೆರಳು ಬೆರಳಿಗೆ, ಚಾಕು ಮಣೆಗೆ.

"ಆಲೂಗಡ್ಡೆಗಿಂತ ಸುಮಾರು ಮೂರು ಪಟ್ಟು ಪ್ರೋಟೀನ್ ಇದೆ" ಎಂದೆ.

"ತೊಗರಿಬೇಳೆಯಲ್ಲೂ ಇದೆ. ಸಿಪ್ಪೆ ತೆಗೆದೇ ಬರುತ್ತೆ."

ಹಸಿಯಾಗಿ ತಿನ್ನಬಾರದು, ಚೆನ್ನಾಗಿ ಬೇಯಬೇಕು. ಬೇಯಿಸಿ ಪಲ್ಯ ಮಾಡಿದೆ. ನಿಜಕ್ಕೂ ರುಚಿ! ಆ ಸೊಕ್ಕಿನಲ್ಲಿ ಕನ್ನಡ ಕೂಟದ ಊಟಕ್ಕೆ ಬುಟ್ಟಿ ಹೊತ್ತೆ. ಪ್ಲಿಮತ್‌ನಿಂದ ಥೋರೋವರೆಗೆ ಹೇಳಿ ಮುಗಿಸುವಷ್ಟರಲ್ಲಿ ಸಾಲು ಬಿಸಿಬೇಳೆಬಾತಿನ ಕಡೆ ತಿರುಗಿತ್ತು. ಎರಡೆರಡು ಬಾರಿ ಬಡಿಸಿಕೊಂಡ ಒಬ್ಬರೇ ಅಭಿಮಾನಿಗೆ ರಾತ್ರಿಯಿಡೀ ವಾಂತಿ. ಕೆಲವರ ಹೊಟ್ಟೆಗೆ ಇದು ಒಗ್ಗುವುದಿಲ್ಲವಂತೆ. ಉಪನ್ಯಾಸದಲ್ಲಿ ಆ ಭಾಗಕ್ಕೆ ಟೈಮ್ ಸಿಕ್ಕಿರಲಿಲ್ಲ.

ಈಗ ಬಳ್ಳಿ ಹುಲ್ಲುಹಾಸಿಗೆ ಇಳಿದಿದೆ. ಕಿತ್ತುಹಾಕುವ ಹಾಗಿಲ್ಲ, ಕಿತ್ತರೆ ಹೆಚ್ಚುತ್ತದೆ. ಬಾಸ್ಟನ್ ಕಡೆ ಬರುವ ಕನ್ನಡಿಗರಲ್ಲಿ ವಿನಂತಿ: ಗೆಡ್ಡೆ ಪೂರ್ತಿ ಉಚಿತ, ಎಷ್ಟು ಬೇಕಾದರೂ ಒಯ್ಯಿರಿ. ಸನಿಕೆ ನೀವೇ ತನ್ನಿ. ನಮ್ಮದನ್ನು ಹೆಂಡತಿ ಬಚ್ಚಿಟ್ಟಿದ್ದಾಳೆ.