ಲೇಹ್‌ಗೆ ಹೋಗಿಬಂದ ಗಾಡಿ

ರಾಯಲ್ ಎನ್‌ಫೀಲ್ಡ್‌ನವರು 2016ರಲ್ಲಿ ಹಿಮಾಲಯನ್ ಬಿಟ್ಟಿದ್ದೇ ಬಿಟ್ಟಿದ್ದು, ಬೆಂಗಳೂರಿನಲ್ಲಿ ನಂದಿಬೆಟ್ಟಕ್ಕೆ ಹೋಗಿ ಇಡ್ಲಿ ತಿಂದು ಬರುವವರೂ ಲಡಾಖಿನ ಮಾತೇ ಆಡುತ್ತಾರೆ. ನನಗೂ ಒಂದು ಟೂರಿಂಗ್ ಗಾಡಿ ಬೇಕೆನಿಸಿತು. ಹೊಸದಕ್ಕೆ ಕೈ ನಿಲುಕದ್ದರಿಂದ ಸೆಕೆಂಡ್ ಹ್ಯಾಂಡ್.

ಜಯನಗರದ ಅಪಾರ್ಟ್‌ಮೆಂಟೊಂದರ ಬೇಸ್‌ಮೆಂಟಿನಲ್ಲಿ ಒಂದು ನಿಂತಿತ್ತು. 2017ರ ಮಾಡೆಲ್. ಹ್ಯಾಂಡಲಿಗೆ ಬಣ್ಣ ಮಾಸಿದ ಬೌದ್ಧ ಪತಾಕೆ, ಎರಡೂ ಪಕ್ಕೆಗೆ ಪೆಟ್ಟಿಗೆ, ಪೆಟ್ಟಿಗೆಯ ಮೈತುಂಬ ಸ್ಟಿಕ್ಕರು. ಮದುವೆಮನೆಯಲ್ಲಿ ಬೀಗಿತ್ತಿ ಒಡವೆ ಹೇರಿಕೊಂಡು ನಿಂತ ಹಾಗೆ.

"ಗಾಡಿ ಅನ್ನಬೇಡಿ ಸರ್, ಇದು ಎಮೋಷನ್" ಎಂದರು ಮಾಲೀಕರು. ಎಮೋಷನ್ನಿಗೆ ಇಪ್ಪತ್ತು ಸಾವಿರ ಜಾಸ್ತಿ. "ಲೇಹ್‌ಗೆ ಎರಡು ಸಲ ಹೋಗಿಬಂದಿದೆ. ಸಿಂಗಲ್ ಓನರ್."

ಆರ್‌ಸಿಯಲ್ಲಿ ಓನರ್ ಸೀರಿಯಲ್ ನಂಬರ್ 3 ಅಂತಿತ್ತು. "ನನ್ನ ಕೈಯಲ್ಲಿ ಸಿಂಗಲ್ ಅಂದೆ ಸರ್."

ಮೀಟರ್ ನೋಡಿದೆ: 8,412. ಬೆಂಗಳೂರಿನಿಂದ ಲೇಹ್ ಒಂದು ಕಡೆಗೇ ಮೂರು ಸಾವಿರ ಕಿಲೋಮೀಟರಿಗೆ ಮೇಲೆ. ಎರಡು ಸಲ ಹೋಗಿಬಂದರೆ ಹನ್ನೆರಡು ಸಾವಿರ ದಾಟಬೇಕು. ಕೇಳಿದ್ದಕ್ಕೆ, ಚಂಡೀಗಢದ ತನಕ ಟ್ರೇನಲ್ಲಿ ಪಾರ್ಸೆಲ್ ಹಾಕಿದ್ದರಂತೆ. ಅಂತೂ ಟೂರಿಂಗ್ ಗಾಡಿ ಅರ್ಧ ಭಾರತವನ್ನು ಲಗೇಜ್ ಡಬ್ಬಿಯಲ್ಲಿ ಮಲಗಿಕೊಂಡೇ ಸುತ್ತಿದೆ.

ಜೊತೆಗೆ ಬಂದಿದ್ದ ನಮ್ಮ ಮೆಕ್ಯಾನಿಕ್ ಬಾಯಿ ಬಿಡದೆ ಫುಟ್‌ರೆಸ್ಟಿನ ರಬ್ಬರ್ ತೋರಿಸಿದ. ಸವೆದು ನುಣ್ಣಗಾಗಿತ್ತು. ಟೈರಿನ ಪಕ್ಕದ ನಾಲ್ಕು ಅಂಕಿ ತೋರಿಸಿದ: 2321. ಅಂದರೆ 2021ರ ಇಪ್ಪತ್ಮೂರನೇ ವಾರ ಹುಟ್ಟಿದ ಟೈರು. ಎಂಟು ಸಾವಿರ ಕಿಲೋಮೀಟರಿನ ಗಾಡಿಗೆ ಟೈರು ಬದಲಾಯಿಸುವ ಗ್ರಹಚಾರ ಏನಿತ್ತೋ! ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದ. ನಡುವೆ ಟಕ್ಕೆಂದು ಹಿಡಿಯಿತು. "ಕೋನ್‌ಸೆಟ್ ಹೋಗಿದೆ ಸರ್."

ಈಗ ಎರಡೇ ದಾರಿ. ಗಾಡಿ ಲೇಹ್‌ಗೆ ಹೋಗಿಲ್ಲವಾದರೆ ಎಂಜಿನ್ ಗಟ್ಟಿ, ಕತೆ ಪೊಳ್ಳು. ಹೋಗಿದ್ದರೆ ಕತೆ ಗಟ್ಟಿ, ಎಂಜಿನ್ ಪೊಳ್ಳು, ಮೀಟರ್ ತಿರುಗಿಸಿದ್ದಾರೆ. ಬುದ್ಧಿಯಿದ್ದವನು ಮೊದಲನೆಯದೇ ನಿಜವಾಗಲಿ ಎಂದು ಹರಕೆ ಹೊರಬೇಕು. ನಾನು ಎರಡನೆಯದಕ್ಕೆ ಹೊತ್ತೆ.

ಮೀಟರ್ ತಿರುಗಿಸುವುದು ಅಂಥ ಮಹಾಪರಾಧವೂ ಅಲ್ಲ ಬಿಡಿ. ಪೆಟ್ಟಿಗೆಯ ಮೇಲಿನ ದೊಡ್ಡ ಸ್ಟಿಕ್ಕರನ್ನೇ ನೋಡಿ: ಖರ್ದುಂಗ್ ಲಾ, 18,380 ಅಡಿ. ಕಣಿವೆಯ ಹಳೆಯ ಫಲಕದಲ್ಲೂ ಅದೇ ಅಂಕಿ. ಅಳೆದವರ ಲೆಕ್ಕದಲ್ಲಿ ಅದು ಸುಮಾರು 17,580. ಹಿಮಾಲಯವೇ ಎಂಟುನೂರು ಅಡಿ ಏರಿಸಿ ಹೇಳುವಾಗ ಜಯನಗರದವರು ನಾಲ್ಕಾರು ಸಾವಿರ ಕಿಲೋಮೀಟರ್ ಇಳಿಸಿ ಹೇಳಬಾರದೆ?

ಫಾರಂ 29, 30ಕ್ಕೆ ಸಹಿ ಬಿತ್ತು. ಎಮೋಷನ್ನಿನಲ್ಲಿ ಐದು ಸಾವಿರ ಬಿಟ್ಟರು.

ಮರುದಿನ ಗ್ಯಾರೇಜಿನಲ್ಲಿ ಕೋನ್‌ಸೆಟ್ ಬದಲಾಯಿಸಿದ ಮೆಕ್ಯಾನಿಕ್, ಬಟ್ಟೆಗೆ ಪೆಟ್ರೋಲ್ ಹಚ್ಚಿಕೊಂಡು ಖರ್ದುಂಗ್ ಲಾದ ಅಂಚಿಗೆ ಉಗುರು ಇಟ್ಟ.

"ಇದನ್ನೆಲ್ಲ ಕಿತ್ತುಬಿಡ್ಲಾ ಸರ್?"

"ಏಯ್, ಇರಲಿ ಬಿಡಪ್ಪಾ."