ಬಿದ್ದರೆ ಶೇ 75ರಷ್ಟು ಬೀಳು, ಗೋಡೆಯೇ!

ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ಸಮಸ್ತ ಗೋಡೆಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮಳೆಗಾಲದಲ್ಲಿ ಬೀಳಲಿಚ್ಛಿಸುವವರು ಮನಬಂದಂತೆ ಬೀಳುವಂತಿಲ್ಲ. ಬೀಳುವುದಕ್ಕೂ ಸರ್ಕಾರ ಒಂದು ಕ್ರಮ ಗೊತ್ತುಮಾಡಿದೆ. ಶೇ 75ಕ್ಕಿಂತ ಹೆಚ್ಚು ಬಿದ್ದ ಮನೆ ‘ಎ’ ವರ್ಗ. ಶೇ 25ರಿಂದ 75ರವರೆಗೆ ಬಿದ್ದದ್ದು ‘ಬಿ’. ಶೇ 15ರಿಂದ 25ರವರೆಗೆ ಬಿದ್ದದ್ದು ‘ಸಿ’. ಅದಕ್ಕಿಂತ ಕಡಿಮೆ ಬಿದ್ದ ಮನೆ ಬಿದ್ದೇ ಇಲ್ಲ. 2019ರ ಮಹಾಪೂರದ ಬಳಿಕ ‘ಎ’ ಮನೆಗೆ 5 ಲಕ್ಷ ರೂಪಾಯಿ ಎಂದು ಘೋಷಣೆಯಾಯಿತು. ‘ಸಿ’ ಮನೆಗೆ ಮೊದಲು 25 ಸಾವಿರ, ಆಮೇಲೆ 50 ಸಾವಿರ. ಹೀಗಿರುವಾಗ ಅರೆಬರೆ ಬಿದ್ದು ಸುಮ್ಮನಾಗುವ ಸೋಮಾರಿ ಗೋಡೆಗಳು ತಮ್ಮ ಯಜಮಾನನಿಗೆ ಎಂಥ ದ್ರೋಹ ಬಗೆಯುತ್ತಿವೆ ಎಂಬುದನ್ನು ಒಮ್ಮೆ ಯೋಚಿಸಬೇಕು.

ತೊಂದರೆ ಇರುವುದು ಮಣ್ಣಿನ ಗೋಡೆಯ ಸ್ವಭಾವದಲ್ಲಿ. ಅದಕ್ಕೆ ಸರ್ಕಾರಿ ಗಡುವು ಗೊತ್ತಾಗುವುದಿಲ್ಲ. ಹೊಳೆ ಊರೊಳಗೆ ಇರುವಷ್ಟು ದಿನ ಅದು ನೀರು ಕುಡಿಯುತ್ತ ನಿಂತೇ ಇರುತ್ತದೆ. ನೀರು ಇಳಿದು, ಬಿಸಿಲು ಬಿದ್ದು, ಮಣ್ಣು ಒಣಗಿ ಬಿರುಕು ಬಿಟ್ಟ ಮೇಲೆ ಯಾವುದೋ ಒಂದು ರಾತ್ರಿ ತೊಲೆ, ಜಂತಿ ಸಮೇತ ಕುಸಿಯುತ್ತದೆ. ಅಷ್ಟರಲ್ಲಿ ಸಮೀಕ್ಷೆಯವರು ಬಂದು ಹೋಗಿರುತ್ತಾರೆ.

ಸಮೀಕ್ಷೆಯ ದಿನ ಏನಾಗುತ್ತದೆ ಎಂದು ತಿಳಿಯಲು ಹೊಳೆಸಾಲಿನ ಯಾವ ಊರಿಗೆ ಹೋದರೂ ನಡೆದೀತು. ಪಡಸಾಲೆಯ ಗೋಡೆಗೆ ಎದೆಯೆತ್ತರದಲ್ಲಿ ನೀರು ನಿಂತ ಗೆರೆ. ಗೆರೆಯ ಕೆಳಗೆ ಸುಣ್ಣ ಕಳಚಿ ಮಣ್ಣು ಹೊರಗೆ ಬಂದಿದೆ. ದೇವರ ಜಗಲಿಯ ಮೇಲೆ ಕೆಸರು. ಮೂಲೆಯಲ್ಲಿದ್ದ ಜೋಳದ ಚೀಲ ಉಬ್ಬಿ, ಕಾಳು ಮೊಳಕೆಯೊಡೆದು, ಮನೆಯೆಲ್ಲ ಹುಳಿ ವಾಸನೆ. ಎಂಜಿನಿಯರ್ ಸಾಹೇಬರು ಬಾಗಿಲಲ್ಲೇ ನಿಂತು ಮೊಬೈಲ್ ಎತ್ತುತ್ತಾರೆ.

“ಗ್ವಾಡಿ ನಿಂತೈತಲ್ರಿ ಯಜಮಾನ್ರ?”

“ನಿಂತೈತ್ರಿ ಸಾಹೇಬ್ರ. ಖರೇ, ಒಳಗ ಪೂರಾ ನೆನದೈತ್ರಿ. ಕೈ ಹಚ್ಚಿ ನೋಡ್ರಿ.”

“ಕೈ ಹಚ್ಚಾಕ ಫಾರ್ಮಿನ್ಯಾಗ ಕಾಲಂ ಇಲ್ರಿ. ಬಿದ್ದೈತೋ ಇಲ್ಲೋ, ಅಷ್ಟ ಹೇಳ್ರಿ.”

“ಇವತ್ತಲ್ಲ ನಾಳೆ ಬೀಳತೈತ್ರಿ.”

“ನಾಳೆ ಬೀಳೂದನ್ನ ಇವತ್ತ ಹೆಂಗ ಬರಕೊಳ್ಳೂದ್ರಿ? ಬಿದ್ದ ಮ್ಯಾಲ ಅರ್ಜಿ ಕೊಡ್ರಿ.”

“ಅದರ ಬುಡಕ ನಾವ ಮಲಗಿರತೇವಲ್ರಿ!”

“ಹಂಗಾದ್ರ ಅದು ಬ್ಯಾರೆ ಫಾರ್ಮ್ ಬಿಡ್ರಿ.”

ಸಾಹೇಬರು ಸುಳ್ಳು ಹೇಳಲಿಲ್ಲ. ಆ ಬೇರೆ ಫಾರ್ಮ್ ನಿಜಕ್ಕೂ ಇದೆ. ವಿಪತ್ತು ಪರಿಹಾರ ನಿಧಿಯ ಮಾನದಂಡದ ಪ್ರಕಾರ ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ. ಸಾಯದೆ ಗಾಯಗೊಂಡವರಿಗೂ ದರಪಟ್ಟಿ ಉಂಟು. 2019ರ ನೆರೆಯ ಹೊತ್ತಿಗೆ ಚಾಲ್ತಿಯಲ್ಲಿದ್ದ ಪಟ್ಟಿಯಲ್ಲಿ, ವಾರಕ್ಕಿಂತ ಹೆಚ್ಚು ದಿನ ಆಸ್ಪತ್ರೆಯಲ್ಲಿ ಮಲಗಿದವರಿಗೆ 12,700 ರೂಪಾಯಿ, ವಾರದೊಳಗೆ ಎದ್ದು ಹೋದವರಿಗೆ 4,300. ಆರನೆಯ ದಿನವೇ ಗುಣವಾಗಿ ಮನೆಗೆ ನಡೆದವನಿಗೆ ಸಂಸಾರ ನಡೆಸುವುದು ಗೊತ್ತಿಲ್ಲ ಎಂದೇ ಅರ್ಥ.

ಅದೇ ಪಟ್ಟಿಯನ್ನು ಇನ್ನೂ ಕೆಳಗೆ ಓದುತ್ತ ಹೋದರೆ ಕಣ್ಣು ತುಂಬಿ ಬರುತ್ತದೆ. ಕೊಚ್ಚಿಹೋದ ಬಟ್ಟೆಬರೆಗೆ ಕುಟುಂಬಕ್ಕೆ 1,800 ರೂಪಾಯಿ. ಪಾತ್ರೆಪಡಗಕ್ಕೆ 2,000. ಒಟ್ಟು 3,800. ಅಜ್ಜಿಯ ಕಾಲದ ತಾಮ್ರದ ಹಂಡೆ, ಮಗಳ ಮದುವೆಗೆಂದು ಎತ್ತಿಟ್ಟ ಇಳಕಲ್ ಸೀರೆ, ಎಲ್ಲವೂ ಇದರೊಳಗೇ. ರಾಜ್ಯ ಸರ್ಕಾರಕ್ಕೇ ಇದು ನಾಚಿಕೆ ಎನಿಸಿ, ತನ್ನ ಕಡೆಯಿಂದ ಸೇರಿಸಿ 10 ಸಾವಿರ ಮಾಡಿತು. ಹಿಂಡುವ ಎಮ್ಮೆ ಸತ್ತರೆ 30 ಸಾವಿರ, ಎತ್ತಿಗೆ 25 ಸಾವಿರ, ಕುರಿಗೆ 3 ಸಾವಿರ, ಕೋಳಿಗೆ 50 ರೂಪಾಯಿ. 2022ರಲ್ಲಿ ಪಟ್ಟಿ ಪರಿಷ್ಕರಣೆಯಾಗಿ ಕೋಳಿಯ ಬೆಲೆ ಒಮ್ಮೆಲೇ ದುಪ್ಪಟ್ಟಾಯಿತು: 100 ರೂಪಾಯಿ! ಒಂದು ಮನೆಗೆ ಮೂರು ಎಮ್ಮೆಗಳಿಗೆ ಮಾತ್ರ ಪರಿಹಾರ. ನಾಲ್ಕನೆಯ ಎಮ್ಮೆ ತನ್ನ ಸ್ವಂತ ಜವಾಬ್ದಾರಿಯ ಮೇಲೆ ಸತ್ತಂತೆ.

ಸತ್ತದ್ದಕ್ಕೆ ದಾಖಲೆಯೂ ಬೇಕು. ಪಶುವೈದ್ಯರು ಬಂದು ನೋಡಬೇಕು, ಪಂಚನಾಮೆ ಆಗಬೇಕು. ಹಗ್ಗ ಬಿಚ್ಚಲು ಪುರಸೊತ್ತಿಲ್ಲದೆ ಗೂಟದಲ್ಲೇ ಸತ್ತ ಎಮ್ಮೆ ಈ ಮಟ್ಟಿಗೆ ಶಿಸ್ತಿನ ಪ್ರಾಣಿ, ಸತ್ತಲ್ಲೇ ಸಿಗುತ್ತದೆ. ‘ಎಲ್ಲಾದರೂ ಬದುಕಿಕೊಳ್ಳಲಿ’ ಎಂದು ರಾತ್ರೋರಾತ್ರಿ ಹಗ್ಗ ಬಿಚ್ಚಿಬಿಟ್ಟ ಎಮ್ಮೆ ಆಲಮಟ್ಟಿಯ ಕಡೆಗೆ ತೇಲಿ ಹೋಯಿತೆನ್ನಿ, ಅದರ ಸಾವನ್ನು ಸಾಬೀತು ಮಾಡುವವರು ಯಾರು? ದನದ ಮೇಲೆ ಕರುಣೆ ತೋರಿಸಿದ ತಪ್ಪಿಗೆ ಯಜಮಾನ ದಂಡ ತೆರಬೇಕು.

ಬೆಳೆಯ ಲೆಕ್ಕ ಇನ್ನೂ ಚೆಂದ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 6,800 ರೂಪಾಯಿ ಎಂದಿತ್ತು ಮಾನದಂಡ. ಅಂದರೆ ಎಕರೆಗೆ ಮೂರು ಸಾವಿರವೂ ಇಲ್ಲ. ನೀರಾವರಿಗೆ 13,500. ಅದೂ ಎರಡೇ ಹೆಕ್ಟೇರಿಗೆ. 2019ರಲ್ಲಿ ರಾಜ್ಯ ಇದರ ಮೇಲೆ ಹೆಕ್ಟೇರಿಗೆ 10 ಸಾವಿರ ಸೇರಿಸಿತು, ಅಷ್ಟರಮಟ್ಟಿಗೆ ಮೆಚ್ಚಬೇಕು. ಆದರೆ ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಹೊಲವನ್ನು ಲಾವಣಿಗೆ ಹಿಡಿದು, ಬೀಜ ಗೊಬ್ಬರಕ್ಕೆ ಸಾಲ ಮಾಡಿ, ಕಬ್ಬು ಹಚ್ಚಿದವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಅವನ ಬೆಳೆ ಕೊಳೆಯಿತು, ಪರಿಹಾರ ಊರು ಬಿಟ್ಟು ಶಹರದಲ್ಲಿರುವ ಮಾಲೀಕರ ಖಾತೆಗೆ ಜಮೆಯಾಯಿತು. ಇನ್ನು ಕೂಲಿಯವರದ್ದಂತೂ ಕೇಳುವುದೇ ಬೇಡ. ಹೊಲವಿಲ್ಲ, ಆದ್ದರಿಂದ ಬೆಳೆಯಿಲ್ಲ, ಆದ್ದರಿಂದ ನಷ್ಟವೂ ಇಲ್ಲ. ಎರಡು ಮೂರು ತಿಂಗಳು ಯಾರ ಹೊಲದಲ್ಲೂ ಕಳೆ ತೆಗೆಯುವ ಕೆಲಸ ಹುಟ್ಟದೆ ಒಲೆ ಆರಿದ್ದನ್ನು ಯಾವ ಇಲಾಖೆಯೂ ನಷ್ಟ ಎಂದು ಬರೆದುಕೊಳ್ಳುವುದಿಲ್ಲ. ಸರ್ಕಾರಿ ಕಡತಗಳ ಮಟ್ಟಿಗೆ ನೆರೆಯಿಂದ ಕೂದಲೂ ಕೊಂಕದವರು ಯಾರಾದರೂ ಇದ್ದರೆ ಅವರು ಭೂಹೀನರೇ.

ಇಷ್ಟೆಲ್ಲ ಅಡ್ಡಿ ದಾಟಿ ‘ಎ’ ಗಿಟ್ಟಿಸಿದ ಪುಣ್ಯವಂತನ ಕತೆಯೂ ಅಲ್ಲಿಗೆ ಮುಗಿಯದು. ಹಣ ಬರುವುದು ಕಂತಿನಲ್ಲಿ. ಬುನಾದಿ ಹಾಕಿದರೆ ಜಿಪಿಎಸ್ ಫೋಟೊ, ಗೋಡೆ ಎದ್ದರೆ ಫೋಟೊ, ಚಾವಣಿಗೆ ಫೋಟೊ. ಬುನಾದಿಗೆ ಬಡ್ಡಿ ಸಾಲ ಮಾಡಿ, ಫೋಟೊ ತೆಗೆಸಿ, ಮುಂದಿನ ಕಂತಿಗೆ ಕಾದವರ ಮನೆ ಗೋಡೆಮಟ್ಟದಲ್ಲೇ ನಿಂತಿದೆ. ಸಂಸಾರ ಪಕ್ಕದ ಪತ್ರಾಸ್ ಶೆಡ್ಡಿನಲ್ಲಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವ ಹಾಗಿಲ್ಲ. ಇಲ್ಲಿ ಪೂಜಾರಿಯೂ ಪಾಪ, ಸರ್ವರ್ ಡೌನ್ ಆಗಿದೆ ಎಂದು ಕೈಕಟ್ಟಿ ಕೂತಿದ್ದಾನೆ.

ಇನ್ನು ಆಕಾಶದಿಂದ ನೋಡುವವರ ವಿಷಯ. ಹೆಲಿಕಾಪ್ಟರಿನಿಂದ ನೆರೆ ಬಹಳ ಸಮಾನತೆಯಿಂದ ಕಾಣುತ್ತದೆ. ಎ, ಬಿ, ಸಿ ಎಂಬ ಭೇದವಿಲ್ಲ, ವಾಸನೆಯಿಲ್ಲ, ಯಾರೂ ಅಡ್ಡ ಬಂದು ಪ್ರಶ್ನೆ ಕೇಳುವುದಿಲ್ಲ. 2019ರ ಆಗಸ್ಟ್ 11ರಂದು ಕೇಂದ್ರ ಗೃಹ ಸಚಿವರು ಹೀಗೆ ಮೇಲಿನಿಂದ ನೋಡಿದರು. ರಾಜ್ಯ ಸುಮಾರು 35 ಸಾವಿರ ಕೋಟಿ ರೂಪಾಯಿ ನಷ್ಟವೆಂದು ಲೆಕ್ಕ ಕೊಟ್ಟಿತು. ಕೇಂದ್ರದಿಂದ ಮೊದಲ ಕಂತು 1,200 ಕೋಟಿ ಬಂದದ್ದು ಅಕ್ಟೋಬರಿನಲ್ಲಿ. ಹೆಲಿಕಾಪ್ಟರ್ ವೇಗವಾಗಿ ಬರುತ್ತದೆ, ಕಡತ ನಡೆದುಕೊಂಡು ಬರುತ್ತದೆ.

ಆ ವರ್ಷ ರಾಜ್ಯದ ಸ್ಥಿತಿಯೂ ಸ್ವಾರಸ್ಯವಾಗಿತ್ತು. ಜುಲೈ 26ರಂದು ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾದರು. ಆಗಸ್ಟ್ ಮೊದಲ ವಾರ ನೀರು ಬಂತು. ಆಗಸ್ಟ್ 20ರಂದು ಮಂತ್ರಿಗಳು ಬಂದರು. ನಡುವೆ ಇಡೀ ಸಂಪುಟವೆಂದರೆ ಅವರೊಬ್ಬರೇ. ಕಂದಾಯಕ್ಕೂ ಅವರೇ, ನೀರಾವರಿಗೂ ಅವರೇ, ಎಮ್ಮೆಗೂ ಅವರೇ, ಕೋಳಿಗೂ ಅವರೇ. ಅನರ್ಹ ಶಾಸಕರ ಲೆಕ್ಕಾಚಾರ ಮುಗಿಯಲಿ, ಖಾತೆ ಹಂಚಿಕೆ ಆಗಲಿ ಎಂದು ಕಾಯುವ ಸೌಜನ್ಯ ಕೃಷ್ಣೆಗೆ ಇರಲಿಲ್ಲ.

ಪ್ರತಿ ಸಲವೂ ಎಲ್ಲರ ಬಾಯಲ್ಲಿ ಒಂದೇ ಮಾತು: ‘ಇದು ಅನಿರೀಕ್ಷಿತ’. 2005ರಲ್ಲೂ ಅನಿರೀಕ್ಷಿತ, 2009ರಲ್ಲೂ ಅನಿರೀಕ್ಷಿತ, 2019ರಲ್ಲೂ, 2021ರಲ್ಲೂ. 2020ರ ಅಕ್ಟೋಬರಿನಲ್ಲಿ ಭೀಮಾ ತೀರದ ಕಲಬುರಗಿ, ಯಾದಗಿರಿಯ ಊರುಗಳಲ್ಲೂ ಅನಿರೀಕ್ಷಿತ. ಚಿಕ್ಕೋಡಿ ಭಾಗದ ಕಲ್ಲೋಳ–ಯಡೂರ ಸೇತುವೆ ಮುಳುಗಿದ ಸುದ್ದಿಯನ್ನು ನಮ್ಮ ಪತ್ರಿಕೆಗಳು ಮಳೆಗಾಲ ಬಂದಾಗಲೆಲ್ಲ ಅಚ್ಚು ಹಾಕುತ್ತವೆ. ದಿನಾಂಕ ಬದಲಿಸಿದರೆ ಕೆಲಸ ಮುಗಿಯಿತು. ಬೇಸಿಗೆಯಲ್ಲಿ ಬೆಳಗಾವಿ ಕಡೆಯ ಹೊಳೆ ಬತ್ತಿದರೆ ‘ಕೊಯ್ನಾದಿಂದ ನೀರು ಬಿಡಿ’ ಎಂದು ಮಹಾರಾಷ್ಟ್ರಕ್ಕೆ ಪತ್ರ ಬರೆಯುತ್ತೇವೆ. ಆಗಸ್ಟ್‌ನಲ್ಲಿ ಕೊಯ್ನಾದಿಂದ ಬಿಟ್ಟರು ಎಂದು ಹೌಹಾರುತ್ತೇವೆ. ಅತ್ತ ಸಾಂಗಲಿಯವರು ಮುಳುಗಿದಾಗ ‘ಆಲಮಟ್ಟಿ ಹಿನ್ನೀರೇ ಕಾರಣ’ ಎಂದು ನಮ್ಮತ್ತ ಬೆರಳು ತೋರಿಸುತ್ತಾರೆ. ಮಲಪ್ರಭೆಯನ್ನು ಮಾತ್ರ ಯಾರೂ ಬೈಯುವಂತಿಲ್ಲ. ಅದರ ಪಾತ್ರವನ್ನು ಎರಡೂ ದಂಡೆಯಿಂದ ಒತ್ತಿ ಹೊಲ ಮಾಡಿಕೊಂಡವರು ನಮ್ಮವರೇ. ನವಿಲುತೀರ್ಥ ಅಣೆಕಟ್ಟೆಯ ಗೇಟು ಎತ್ತಿದಾಗ ಆ ಗೇಣಗಲದ ಜಾಗದಲ್ಲಿ ನೀರು ಹಿಡಿಯದೆ ರಾಮದುರ್ಗ, ಕೊಣ್ಣೂರು, ಬಾದಾಮಿ ಸೀಮೆಯ ಊರುಗಳಿಗೆ ನುಗ್ಗುತ್ತದೆ. ಪಟ್ಟದಕಲ್ಲಿನ ದೇವರಿಗೂ 2019ರಲ್ಲಿ ಇದೇ ಗತಿಯಾಯಿತು.

ಶಹರದ ನಾವೂ ಹಿಂದೆ ಬಿದ್ದವರಲ್ಲ. ನೆರೆ ಎಂದ ಕೂಡಲೇ ನಮ್ಮ ಕಪಾಟುಗಳಿಗೆ ಕರುಣೆ ಉಕ್ಕುತ್ತದೆ. ಜಿಪ್ ಕಿತ್ತ ಜೀನ್ಸು, ಪಾರ್ಟಿಗೆ ಹಾಕಿ ಬೇಸರವಾದ ಗೌನು, ಒಂಟಿ ಕಾಲುಚೀಲ, ಎಲ್ಲವೂ ಲಾರಿ ಏರುತ್ತವೆ. ನೂಲಿನ ಸೀರೆ ಉಡುವ ಅರವತ್ತರ ಹೆಂಗಸಿಗೆ ಇವು ಯಾವುದಕ್ಕೆ ಎಂದು ಕೇಳುವ ಅಧಿಕಪ್ರಸಂಗ ಯಾರೂ ಮಾಡುವುದಿಲ್ಲ. ಶಾಲೆಯ ಕೋಣೆಯಲ್ಲಿ ಹತ್ತಾರು ಸಂಸಾರಗಳು ಒಟ್ಟಿಗೆ ಮಲಗಿರುವಾಗ ಅವರಿಗೆ ಬೇಕಾದದ್ದು ಒಳಉಡುಪು, ಸ್ಯಾನಿಟರಿ ಪ್ಯಾಡು, ಬೀಗ ಹಾಕಿಕೊಳ್ಳಬಹುದಾದ ಶೌಚಾಲಯ, ದನಕ್ಕೆ ಒಂದು ಹೊರೆ ಮೇವು. ಇವುಗಳ ಜೊತೆ ನಿಂತರೆ ಫೋಟೊ ಚೆನ್ನಾಗಿ ಬರುವುದಿಲ್ಲ. ಅಕ್ಕಪಕ್ಕದ ಊರಿನವರು ಇಂಥದ್ದನ್ನು ಯಾರೂ ಹೇಳದೆಯೇ ಅರಿತವರು. ಮನೆಮನೆಯಲ್ಲಿ ರೊಟ್ಟಿ ತಟ್ಟಿ, ಶೇಂಗಾ ಚಟ್ನಿ ಸಮೇತ ಗಂಟು ಕಟ್ಟಿ ಕಳಿಸುತ್ತಾರೆ. ಅವರು ಬ್ಯಾನರ್ ಹಿಡಿದು ಬರುವುದಿಲ್ಲವಾಗಿ ಸುದ್ದಿಯಾಗುವುದೂ ಇಲ್ಲ.

‘ಸ್ಥಳಾಂತರ ಮಾಡಿದರೆ ಹೋಗುವುದಿಲ್ಲ, ಆಮೇಲೆ ಅಳುತ್ತಾರೆ’ ಎಂಬುದು ಅಧಿಕಾರಿಗಳ ಕೊನೆಯ ಅಸ್ತ್ರ. 2009ರಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ನೆರೆಯ ಬಳಿಕ ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಹೊಸ ಊರುಗಳೆದ್ದವು. ಮನೆಯ ಮೇಲೆ ದಾನಿಗಳ ಹೆಸರು ದಪ್ಪಗಿತ್ತು, ಮನೆ ಸಣ್ಣಗಿತ್ತು. ಎಮ್ಮೆ ಕಟ್ಟಲು ಜಾಗವಿಲ್ಲ, ನೇಗಿಲು ಇಡಲು ಮೂಲೆಯಿಲ್ಲ, ಹೊಲ ದೂರ, ಕೆಲವೆಡೆ ಹಕ್ಕುಪತ್ರವೂ ಇಲ್ಲ. ರೈತ ಎಮ್ಮೆಯನ್ನು ತಲೆದೆಸೆಗೆ ಕಟ್ಟಿಕೊಂಡು ಮಲಗಬೇಕೆಂದು ನಕ್ಷೆ ಬರೆದವರ ಅಂಬೋಣವಿದ್ದಿರಬೇಕು. ಜನ ಹಳೆಯ ಊರಿಗೇ ಮರಳಿದರು. ಹೊಸ ಮನೆಗಳಿಗೆ ಜಾಲಿಕಂಟಿ ಬಂದು ಸೇರಿತು. ನಡುವಿನ ಹತ್ತು ವರ್ಷಗಳಲ್ಲಿ ಮೂರೂ ಪಕ್ಷಗಳು ಮುಖ್ಯಮಂತ್ರಿಯ ಕುರ್ಚಿಯಲ್ಲಿ ಕೂತು ಎದ್ದವು. ಎಮ್ಮೆಗೆ ಎಲ್ಲಿ ಜಾಗ ಎಂಬ ಪ್ರಶ್ನೆಗೆ ಒಬ್ಬರೂ ಉತ್ತರ ಹೇಳಲಿಲ್ಲ.

ಕೇಳುತ್ತಿರುವುದು ದೊಡ್ಡದೇನೂ ಅಲ್ಲ. ನೀರು ಇಳಿದು ಒಂದು ತಿಂಗಳಾದ ಮೇಲೆ ಎರಡನೆಯ ಸಮೀಕ್ಷೆ ಕಡ್ಡಾಯ ಮಾಡಿ. ಲಾವಣಿ ಮಾಡಿದವನಿಗೂ, ಕೂಲಿ ಕಳೆದುಕೊಂಡವಳಿಗೂ ಫಾರ್ಮಿನಲ್ಲಿ ಒಂದು ಕಾಲಂ ಇಡಿ. ಮಲಪ್ರಭೆಯ ಒತ್ತುವರಿ ಬಿಡಿಸಿ. ಹೊಸ ಊರಿನ ನಕ್ಷೆ ಬರೆಯುವಾಗ ಅಲ್ಲಿ ಇರಬೇಕಾದವರನ್ನು ಕೂರಿಸಿಕೊಂಡು ಬರೆಯಿರಿ. ಓದುಗರೇ, ನೀವು ಹಳೆ ಬಟ್ಟೆಯ ಗಂಟು ಕಟ್ಟುವ ಬದಲು ನಿಮ್ಮ ಶಾಸಕರನ್ನು ಇವಿಷ್ಟನ್ನು ಕೇಳಿ. ನೀರು ಬಂದ ಮೇಲೆ ಅವರು ಹೆಲಿಕಾಪ್ಟರಿನಲ್ಲಿ ಇರುತ್ತಾರಾದ್ದರಿಂದ ಬೇಸಿಗೆಯಲ್ಲೇ ಕೇಳಿ. 2009ರಲ್ಲಿ ಮುಳುಗಿದವರಲ್ಲಿ ಅನೇಕರು 2019ರಲ್ಲಿ ಮತ್ತೆ ಮುಳುಗಿದ್ದು ಅದೇ ಊರಿನ ಅದೇ ಓಣಿಯಲ್ಲಿ.